ವರ್ಗಾಂತರದ ಗೆರೆ ಎಲ್ಲಿ ಬೀಳಬೇಕು?

ಸ್ಕಾಟ್ಲೆಂಡಿನ 5,738 ಸೈನಿಕರ ಎದೆಯ ಸುತ್ತಳತೆಯ ಪಟ್ಟಿಯೊಂದು ಸಂಖ್ಯಾಶಾಸ್ತ್ರದ ಚರಿತ್ರೆಯಲ್ಲಿ ಹೆಸರುವಾಸಿಯಾಗಿದೆ. ಸೇನೆಯ ಗುತ್ತಿಗೆದಾರನೊಬ್ಬ ತೆಗೆದ ಈ ಅಳತೆಗಳು 1817ರಲ್ಲಿ ಎಡಿನ್‌ಬರೋದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾದವು. ಬೆಲ್ಜಿಯಂನ ಅಡಾಲ್ಫ್ ಕೆಟಲೆ 1846ರಲ್ಲಿ ಅವನ್ನೆಲ್ಲ ಒಟ್ಟುಗೂಡಿಸಿ ಒಂದೇ ಪಟ್ಟಿಯಾಗಿ ಮುಂದಿಟ್ಟರು. (ಕೂಡಿಸುವಾಗ ಅವರಿಂದ ಕೆಲವು ತಪ್ಪುಗಳಾಗಿದ್ದವೆಂದು ನಂತರದ ವಿದ್ವಾಂಸರು ತೋರಿಸಿದ್ದಾರೆ, ಆದರೆ ಇಲ್ಲಿನ ಚರ್ಚೆಗೆ ಅದರಿಂದ ಬಾಧಕವಿಲ್ಲ.) ಐದು ಸಾವಿರಕ್ಕೂ ಮಿಕ್ಕಿದ ಬಿಡಿ ಅಂಕಿಗಳನ್ನು ಎಷ್ಟು ಹೊತ್ತು ನೋಡಿದರೂ ಏನೂ ಹೊಳೆಯುವುದಿಲ್ಲ. ಒಂದೊಂದು ಅಂಗುಲಕ್ಕೆ ಒಂದೊಂದು ಸಾಲಿನಂತೆ 33ರಿಂದ 48ರವರೆಗೆ ಹದಿನಾರು ಸಾಲುಗಳನ್ನು ಮಾಡಿ, ಪ್ರತಿ ಸಾಲಿನಲ್ಲಿ ಎಷ್ಟು ಮಂದಿ ಎಂದು ಎಣಿಸಿದಾಗ ಮಾತ್ರ ಆಕಾರವೊಂದು ಮೂಡುತ್ತದೆ: 33 ಅಂಗುಲದವರು 3 ಮಂದಿ, 34ರವರು 18, 35ರವರು 81, 36ರವರು 185, ಹೀಗೆ ಏರುತ್ತ 39ರಲ್ಲಿ 1,073 ಮತ್ತು 40ರಲ್ಲಿ 1,079 ಮುಟ್ಟಿ, ಅಲ್ಲಿಂದ ಇಳಿಯುತ್ತ 47ರಲ್ಲಿ 4, 48ರಲ್ಲಿ ಒಬ್ಬನೇ ಒಬ್ಬ.

ಇದೇ ಆವೃತ್ತಿ ವಿತರಣಾ ಪಟ್ಟಿ. ನಾಲ್ಕು ನೆಟ್ಟ ಗೆರೆ ಎಳೆದು ಐದನೆಯದನ್ನು ಅವುಗಳ ಮೇಲೆ ಅಡ್ಡ ಹಾಕುವ ತಾಳೆಗುರುತಿನಿಂದ ಇದನ್ನು ತಯಾರಿಸುವುದನ್ನು ನಾವೆಲ್ಲ ಶಾಲೆಯಲ್ಲಿ ಕಲಿತಿರುತ್ತೇವೆ. ಎಣಿಕೆ ಸುಲಭ, ಎಣಿಸುವುದಕ್ಕೆ ಮೊದಲು ಸಾಲುಗಳನ್ನು ಎಲ್ಲಿಂದ ಎಲ್ಲಿಯವರೆಗೆ ಕತ್ತರಿಸಬೇಕೆಂಬ ತೀರ್ಮಾನವೇ ಕಷ್ಟದ್ದು, ಪಠ್ಯಪುಸ್ತಕಗಳು ಬೇಗನೆ ದಾಟಿಬಿಡುವುದೂ ಅದನ್ನೇ.

ಇಂಥ ಒಂದೊಂದು ಸಾಲನ್ನು ವರ್ಗವೆಂದೂ ಅದರ ಅಗಲವನ್ನು ವರ್ಗಾಂತರವೆಂದೂ ಕರೆಯುತ್ತಾರೆ. ವರ್ಗಾಂತರಗಳು ಸಮನಾಗಿರಬೇಕೆಂಬ ನಿಯಮದ ಕಾರಣವನ್ನು ಇದೇ ಪಟ್ಟಿಯಲ್ಲಿ ಕಾಣಬಹುದು. ಕೊನೆಯ ಐದು ಸಾಲುಗಳಲ್ಲಿ ಜನ ಕಡಿಮೆಯೆಂದು 44ರಿಂದ 48ರವರೆಗಿನವರನ್ನು ಒಂದೇ ವರ್ಗದಲ್ಲಿ ಸೇರಿಸಿದರೆ ಅಲ್ಲಿ 168 ಮಂದಿಯಾಗುತ್ತಾರೆ. 36 ಅಂಗುಲದ 185 ಮಂದಿಯ ಪಕ್ಕದಲ್ಲಿ ಈ 168ನ್ನು ಕಂಡ ಓದುಗರು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ದಟ್ಟಣೆ ಇದೆಯೆಂದು ತಿಳಿದುಬಿಡುತ್ತಾರೆ. ಐದರಿಂದ ಭಾಗಿಸಿದಾಗ ಅಂಗುಲವೊಂದಕ್ಕೆ 34 ಮಂದಿಯೂ ಬೀಳುವುದಿಲ್ಲ. ಅಗಲ ಸಮನಾಗಿದ್ದರೆ ಈ ಭಾಗಾಕಾರದ ಗೊಡವೆ ಇರುವುದಿಲ್ಲ, ಆವೃತ್ತಿಗಳನ್ನು, ಅಂದರೆ ವರ್ಗವೊಂದರಲ್ಲಿ ಎಣಿಕೆಗೆ ಸಿಕ್ಕ ಸಂಖ್ಯೆಗಳನ್ನು, ನೇರವಾಗಿ ಹೋಲಿಸಬಹುದು.

ಆದರೆ ಸಮನಾಗಿರುವುದೊಂದೇ ಸಾಲದು. ಇದೇ ಸೈನಿಕರನ್ನು ನಾಲ್ಕು ನಾಲ್ಕು ಅಂಗುಲಗಳ ಸಮ ವರ್ಗಗಳಲ್ಲಿ ಹಾಕಿದರೆ 33–36ರಲ್ಲಿ 287, 37–40ರಲ್ಲಿ 3,321, 41–44ರಲ್ಲಿ 2,054, 45–48ರಲ್ಲಿ 76 ಮಂದಿ ಸಿಗುತ್ತಾರೆ. ನಿಯಮ ಮುರಿದಿಲ್ಲ, ಮೊತ್ತವೂ ಸರಿಯಾಗಿದೆ, ಆದರೆ ನಡುವೆ ಎತ್ತರವಾಗಿ ಎರಡೂ ಬದಿಗೆ ನಯವಾಗಿ ಇಳಿಯುತ್ತಿದ್ದ ಇಳಿಜಾರು ಕಾಣೆಯಾಗಿದೆ. ವರ್ಗಗಳು ಎಷ್ಟಿರಬೇಕೆಂಬುದಕ್ಕೆ ಹರ್ಬರ್ಟ್ ಸ್ಟರ್ಜಸ್ 1926ರಲ್ಲಿ ಒಂದು ಸೂತ್ರ ಕೊಟ್ಟರು: ಒಟ್ಟು ಸಂಖ್ಯೆಯ ಲಾಗರಿದಮ್ಮನ್ನು (ಆಧಾರ 10) 3.3ರಿಂದ ಗುಣಿಸಿ ಒಂದನ್ನು ಕೂಡಿಸಬೇಕು. ನಮ್ಮ ಪಟ್ಟಿಗೆ ಅದು ಹದಿಮೂರು, ಹದಿನಾಲ್ಕು ಎನ್ನುತ್ತದೆ. ಹದಿನಾರು ಅದಕ್ಕೆ ದೂರವೇನಲ್ಲ. ಅದನ್ನು ಮೊದಲ ಅಂದಾಜೆಂದು ಹಿಡಿದು, ಅಗಲವನ್ನು ಸ್ವಲ್ಪ ಹಿಗ್ಗಿಸಿ ಕುಗ್ಗಿಸಿ ನೋಡುವುದೇ ಮೇಲು.

ಅಳೆದ ಮಾನವೂ ವರ್ಗದ ಅಗಲವೂ ಹೊಂದದಿದ್ದರೆ ಆಗುವ ಅನಾಹುತ ಇನ್ನೂ ಸ್ವಾರಸ್ಯಕರ. ಪೂರ್ವ ಫ್ರಾನ್ಸಿನ ಡೂ ಪ್ರಾಂತ್ಯದ ಯುವಕರ ಎತ್ತರದ ಪಟ್ಟಿಯಲ್ಲಿ ಫ್ರೆಂಚ್ ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಬರ್ಟಿಯೋ ಎರಡು ಶಿಖರಗಳನ್ನು ಕಂಡು, ಅಲ್ಲಿ ಎರಡು ಜನಾಂಗಗಳು ಬೆರೆತಿವೆಯೆಂದು ವಾದಿಸಿದ್ದರು. ಅಂಗುಲದಲ್ಲಿದ್ದ ಅಳತೆಗಳನ್ನು ಸೆಂಟಿಮೀಟರಿಗೆ ತಿರುಗಿಸಿ ವರ್ಗ ಮಾಡಿದ್ದರಿಂದ ಆ ಎರಡನೆಯ ಶಿಖರ ಹುಟ್ಟಿತೆಂದು ಇಟಲಿಯ ರಿಡೊಲ್ಫೊ ಲಿವಿ 1896ರಲ್ಲಿ ತೋರಿಸಿದರು. ಇದು ಹೇಗೆ ಸಾಧ್ಯವೆಂದು ನಾವೇ ಲೆಕ್ಕ ಹಾಕಬಹುದು. ಹಳೆಯ ಫ್ರೆಂಚ್ ಅಂಗುಲವೆಂದರೆ 2.707 ಸೆಂಟಿಮೀಟರು. 58 ಅಂಗುಲ 157.0 ಆಗುತ್ತದೆ, 59 ಅಂಗುಲ 159.7, 60 ಅಂಗುಲ 162.4, 61 ಅಂಗುಲ 165.1, 62 ಅಂಗುಲ 167.8. ಐದು ಸೆಂಟಿಮೀಟರಿನ ಸಮ ವರ್ಗಗಳನ್ನು ಮಾಡಿದರೆ 155–160ರಲ್ಲಿ ಎರಡು ಅಂಗುಲಗಳ ಜನ ಬೀಳುತ್ತಾರೆ, 165–170ರಲ್ಲಿಯೂ ಎರಡು. ನಡುವಿನ 160–165ಕ್ಕೆ ಒಂದೇ ಅಂಗುಲದವರು. ಜನರಲ್ಲಿ ಇಲ್ಲದ ಹಳ್ಳವೊಂದು ಪಟ್ಟಿಯಲ್ಲಿ ಬೀಳುತ್ತದೆ, ಹಳ್ಳ ಬಿದ್ದ ಮೇಲೆ ಅದರ ಎರಡು ಬದಿಗೂ ಶಿಖರಗಳು ಕಾಣುವುದು ಸಹಜ.

ನಮ್ಮ ಜನಗಣತಿಯ ವಯಸ್ಸಿನ ಪಟ್ಟಿಯಲ್ಲಿ ತೊಡಕು ಅಗಲದಲ್ಲಿಲ್ಲ, ಗೆರೆ ಶುರುವಾಗುವ ಜಾಗದಲ್ಲಿದೆ. ಹುಟ್ಟಿದ ದಿನ ಗೊತ್ತಿಲ್ಲದ ಹಿರಿಯರನ್ನು ವಯಸ್ಸೆಷ್ಟೆಂದು ಕೇಳಿದರೆ “ನಲವತ್ತು ಅಂತ ಬರ್ಕೊಳ್ಳಿ” ಎಂಬ ಉತ್ತರ ಬರುತ್ತದೆಯೇ ಹೊರತು ಮೂವತ್ತೆಂಟು ಎಂದು ಬರುವುದು ಅಪರೂಪ. ಹೀಗಾಗಿ ಸೊನ್ನೆ ಮತ್ತು ಐದರಲ್ಲಿ ಕೊನೆಗೊಳ್ಳುವ ವಯಸ್ಸುಗಳಲ್ಲಿ ಜನ ಗುಡ್ಡೆ ಬೀಳುತ್ತಾರೆ. ಈ ಗುಡ್ಡೆಯನ್ನು ಅಳೆಯಲು ವಿಪಲ್ ಸೂಚ್ಯಂಕವಿದೆ: 23ರಿಂದ 62ರವರೆಗಿನವರಲ್ಲಿ ಸೊನ್ನೆ ಅಥವಾ ಐದರಲ್ಲಿ ಕೊನೆಗೊಳ್ಳುವ ವಯಸ್ಸು ಹೇಳಿದವರನ್ನು, ಆ ವಯೋಮಾನದ ಒಟ್ಟು ಜನರ ಐದನೇ ಒಂದು ಭಾಗಕ್ಕೆ ಹೋಲಿಸಿ ನೂರರಿಂದ ಗುಣಿಸುತ್ತಾರೆ. ಗುಡ್ಡೆಯೇ ಇಲ್ಲದಿದ್ದರೆ 100, ಎಲ್ಲರೂ ಅಂಥ ವಯಸ್ಸನ್ನೇ ಹೇಳಿದ್ದರೆ 500.

ಐದು ವರ್ಷಗಳ ಸಮ ವರ್ಗಗಳನ್ನು ಮಾಡಿದಾಗ ಈ ಏರುಪೇರು ಕಣ್ಣಿಗೆ ಬೀಳದಂತಾಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ರೂಢಿಯ ವರ್ಗ 40–44. ಗುಡ್ಡೆ ಅದರ ಮೊದಲ ಅಂಚಿನಲ್ಲೇ ಇದೆ. ನಲವತ್ತೆಂದ ಮೂವತ್ತೆಂಟರವರು 35–39ರ ವರ್ಗದಿಂದ ಮುಂದಿನದಕ್ಕೆ ಜಿಗಿದುಬಿಡುತ್ತಾರೆ. ಅದೇ ಐದು ವರ್ಷಗಳ ಅಗಲವನ್ನು 38–42, 43–47 ಎಂದು ಸರಿಸಿದರೆ ಗುಡ್ಡೆ ವರ್ಗದ ನಡುಮಧ್ಯಕ್ಕೆ ಬಂದು, ಆಚೀಚೆಯಿಂದ ನಲವತ್ತಕ್ಕೆ ಬಂದವರು ತಮ್ಮ ವರ್ಗದಲ್ಲೇ ಉಳಿಯುತ್ತಾರೆ. ಹಳೆಯ ಗಣತಿಗಳೊಂದಿಗೆ, ಬೇರೆ ದೇಶಗಳೊಂದಿಗೆ ಹೋಲಿಸಬೇಕಾದ್ದರಿಂದ ಪ್ರಕಟವಾಗುವ ಪಟ್ಟಿಗಳು 40–44ನ್ನು ಬಿಡುವಂತಿಲ್ಲ. ಭಾರತದ ಜನಗಣತಿ ಒಂದೊಂದು ವಯಸ್ಸಿನ ಪಟ್ಟಿಯನ್ನೂ ಬೇರೆಯಾಗಿ ಕೊಡುವುದರಿಂದ ಬೇಕಾದವರು ಗೆರೆಗಳನ್ನು ಸರಿಸಿ ಮತ್ತೆ ಕೂಡಿಸಿಕೊಳ್ಳಬಹುದು. ಐದು ವರ್ಷಗಳ ಪಟ್ಟಿ ಮಾತ್ರ ಕೈಯಲ್ಲಿದ್ದವರಿಗೆ ನಲವತ್ತರಲ್ಲಿ ಗುಡ್ಡೆಯಿತ್ತೆಂಬುದೂ ತಿಳಿಯುವುದಿಲ್ಲ.