ದಪ್ಪ ವೈರ್ ಹಾಕಿಸಿದರೆ ಕರೆಂಟ್ ಜಾಸ್ತಿ ಎಳೆಯುತ್ತದೆಯೇ?

ಪ್ರಶ್ನೆ: ನಮ್ಮ 2000 ವ್ಯಾಟಿನ ಹೀಟರಿಗೆ 1 ಎಂಎಂ ವೈರ್ ಎಳೆದಿದ್ದಾರೆ, ಅದು ಬಿಸಿಯಾಗುತ್ತದೆ. 2.5 ಹಾಕಿಸಿ ಅನ್ನುತ್ತಾರೆ. ದಪ್ಪ ವೈರಿನಲ್ಲಿ ಕರೆಂಟ್ ಹೆಚ್ಚು ಹರಿಯುತ್ತದೆ ಎಂದು ಓದಿದ್ದೇನೆ. ಹಾಗಾದರೆ ಬಿಲ್ಲೂ ಏರುವುದಿಲ್ಲವೇ?

ಉತ್ತರ: ಹಾಕಿಸಿ, ಬಿಲ್ಲಿನ ಚಿಂತೆ ಬೇಡ. ವೈರ್ ಕರೆಂಟನ್ನು ಎಳೆಯುವುದಿಲ್ಲ, ಎಳೆಯುವುದು ಹೀಟರ್. ದಾರಿಯಲ್ಲಿ ಎಷ್ಟು ಪೋಲಾಗುತ್ತದೆ ಎಂಬುದಷ್ಟೇ ವೈರಿನ ಕೈಯಲ್ಲಿದೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಬಾಯಿಮಾತಿನಲ್ಲಿ '2.5 ಎಂಎಂ' ಅನ್ನುವುದು ವೈರಿನ ವ್ಯಾಸವಲ್ಲ, ಒಳಗಿನ ತಾಮ್ರದ ಅಡ್ಡಕೊಯ್ತದ ವಿಸ್ತೀರ್ಣ, ಅಂದರೆ 2.5 ಚದರ ಮಿಲಿಮೀಟರ್. ರೋಧ, ಅಂದರೆ ಕರೆಂಟಿನ ಹರಿವಿಗೆ ತಂತಿ ಒಡ್ಡುವ ತಡೆ, ಇಳಿಯುವುದು ಈ ವಿಸ್ತೀರ್ಣದ ಲೆಕ್ಕದಲ್ಲಿ. ಆದ್ದರಿಂದ ವ್ಯಾಸ ಎರಡು ಪಟ್ಟಾದರೆ ರೋಧ ಅರ್ಧವಲ್ಲ, ಕಾಲು ಭಾಗವಾಗುತ್ತದೆ. ಉದ್ದ ಎರಡು ಪಟ್ಟಾದರೆ ರೋಧವೂ ಎರಡು ಪಟ್ಟು. ಒಂದು ಚದರ ಮಿಲಿಮೀಟರಿನ ತಾಮ್ರದ ತಂತಿಗೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೀಟರಿಗೆ ಸುಮಾರು 0.0172 ಓಮ್ ರೋಧ. ಈ ಒಂದು ಸಂಖ್ಯೆ ನೆನಪಿದ್ದರೆ ಮಿಕ್ಕದ್ದೆಲ್ಲ ಗುಣಾಕಾರ, ಭಾಗಾಕಾರ. ಅಲ್ಯೂಮಿನಿಯಮ್ಮಿಗೆ ಅದು 0.028.

ನಿಮ್ಮ ಹೀಟರ್ ಬೋರ್ಡಿನಿಂದ 20 ಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ಕರೆಂಟ್ ಹೋಗಿ ವಾಪಸ್ಸೂ ಬರಬೇಕಲ್ಲ, ಹಾಗಾಗಿ ತಂತಿಯ ಲೆಕ್ಕ 40 ಮೀಟರ್. (ಈ ವಾಪಸ್ ದಾರಿಯನ್ನು ಮರೆತು ಅರ್ಧ ಉತ್ತರ ಬರೆಯುವವರೇ ಹೆಚ್ಚು.) 1 ಎಂಎಂ ಆದರೆ ರೋಧ 0.69 ಓಮ್, 2.5 ಆದರೆ 0.276. ಹೀಟರಿನ ಸ್ವಂತ ರೋಧ 230 ವೋಲ್ಟಿನ ಲೆಕ್ಕಕ್ಕೆ ಸುಮಾರು 26.5 ಓಮ್. ಅದರ ಮುಂದೆ ಇವೆರಡೂ ಜುಜುಬಿ. ಹಾಗಾಗಿ ತೆಳು ವೈರಿನಲ್ಲಿ 8.5 ಆಂಪ್ ಹರಿದರೆ ದಪ್ಪ ವೈರಿನಲ್ಲಿ 8.6. ನೀವು ಓದಿದ್ದು ಸುಳ್ಳಲ್ಲ, ವ್ಯತ್ಯಾಸ ಅಷ್ಟೇ.

ಪೋಲಿನ ಲೆಕ್ಕ ಮಾತ್ರ ಹಾಗಿಲ್ಲ. ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದರೆ ತೆಳು ವೈರ್ ಸುಮಾರು 50 ವ್ಯಾಟ್ ಸುಡುತ್ತದೆ, ದಪ್ಪದ್ದು 20. ಹೀಟರಿಗೆ ತಲುಪುವುದು ಮೊದಲು ಸುಮಾರು 1900 ವ್ಯಾಟ್, ಬದಲಿಸಿದ ಮೇಲೆ 1960ರ ಹತ್ತಿರ. ಮೀಟರ್ ಗಂಟೆಗೆ ತುಸು ಜೋರಾಗಿ ಓಡುತ್ತದೆ ನಿಜ, ಆದರೆ ನೀರು ಬೇಗ ಕಾದು ಹೀಟರ್ ಬೇಗ ಆಫ್ ಆಗುತ್ತದೆ. ಅಷ್ಟೇ ನೀರಿಗೆ ಒಟ್ಟು ಯೂನಿಟ್ ಕೂದಲೆಳೆಯಷ್ಟು ಕಡಿಮೆಯೇ.

ಹಾಗಿದ್ದರೂ ಆ 50 ವ್ಯಾಟ್ 40 ಮೀಟರಿಗೆ ಹಂಚಿಹೋಗಿ, ಮೀಟರಿಗೆ ಒಂದೂಕಾಲು ವ್ಯಾಟ್ ಆಗುತ್ತದೆ. ಗಾಳಿಯಾಡುವ ಜಾಗದಲ್ಲಿ ಇಷ್ಟಕ್ಕೆ ವೈರ್ ಕೈಸುಡುವಷ್ಟು ಕಾಯುವುದಿಲ್ಲ. ಹಾಗಾಗಿ ಬದಲಿಸುವ ಮುಂಚೆ ಒಂದು ಪರೀಕ್ಷೆ: ಹೀಟರ್ ಅರ್ಧ ಗಂಟೆ ಓಡಲಿ, ಮೇನ್ ಸ್ವಿಚ್ ಆಫ್ ಮಾಡಿ, ವೈರನ್ನು ಹೊರಗಿನಿಂದ ಉದ್ದಕ್ಕೂ ಮುಟ್ಟಿ ನೋಡಿ. ಎಲ್ಲ ಕಡೆ ಒಂದೇ ಸಮ ಬೆಚ್ಚಗಿದ್ದರೆ ವೈರ್ ತೆಳುವಾಯಿತು, ಇಲ್ಲವೇ ಒಂದೇ ಪೈಪಿನಲ್ಲಿ ಹಲವು ವೈರ್ ತುರುಕಿದ್ದಾರೆ. ಪ್ಲಗ್ಗಿನ ಬಳಿಯೋ ಜಾಯಿಂಟಿನ ಬಳಿಯೋ ಮಾತ್ರ ಸುಡುತ್ತಿದ್ದರೆ ವೈರ್ ಬದಲಿಸಿ ಪ್ರಯೋಜನವಿಲ್ಲ, ದೋಷ ಅಲ್ಲೇ ಇದೆ. ಸಡಿಲ ಸ್ಕ್ರೂ ಅರ್ಧ ಓಮ್ ರೋಧ ಒಡ್ಡಿದರೂ ಬೆರಳ ತುದಿಯಷ್ಟು ಜಾಗದಲ್ಲಿ 35 ವ್ಯಾಟ್ ಶಾಖ ಹುಟ್ಟುತ್ತದೆ. ಬೆಸುಗೆ ಕರಗಿಸಲು 25 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಕು ಎಂಬುದು ನೆನಪಿರಲಿ. ಟರ್ಮಿನಲ್ಲಿನೊಳಗೆ ತೂರದ ಎಳೆಗಳನ್ನು ಕತ್ತರಿಸಿ ಹಾಕುವ ಕೆಟ್ಟ ಚಾಳಿಯೂ ಇಂಥದ್ದೇ: ಉದ್ದಕ್ಕೂ 2.5, ಸ್ಕ್ರೂ ಕೆಳಗೆ 1.

ತಾಮ್ರ ಬಿಸಿಯಾದಂತೆ ರೋಧ ಇನ್ನೂ ಏರುತ್ತದೆ, ಡಿಗ್ರಿಗೆ ಸುಮಾರು 0.4 ಶೇಕಡ. ಮಾಮೂಲಿ ಪಿವಿಸಿ ಹೊದಿಕೆಯ ಮಿತಿ 70 ಡಿಗ್ರಿ. ಅಲ್ಲಿಗೆ ತಲುಪುವಾಗ ರೋಧ 20 ಡಿಗ್ರಿಯಲ್ಲಿದ್ದುದಕ್ಕಿಂತ ಐದನೇ ಒಂದು ಭಾಗ ಹೆಚ್ಚಿರುತ್ತದೆ. ಎಕ್ಸ್‌ಟೆನ್ಷನ್ ಸುರುಳಿಯನ್ನು ಬಿಚ್ಚದೆ ಹೀಟರ್ ಹಾಕಿದರೆ ಒಳಸುತ್ತುಗಳು ಕರಗಿ ಅಂಟಿಕೊಳ್ಳುವುದು ಶಾಖಕ್ಕೆ ಹೊರಬರಲು ದಾರಿಯಿಲ್ಲದೆ.

ತೆಳು ವೈರಿನ ಇನ್ನೊಂದು ಅಪಾಯ ಯಾರ ಗಮನಕ್ಕೂ ಬರುವುದಿಲ್ಲ. 60 ಮೀಟರ್ ದೂರಕ್ಕೆ 1 ಎಂಎಂ ಎಳೆದು ಕೊನೆಯಲ್ಲಿ ಶಾರ್ಟ್ ಆಯಿತು ಅನ್ನಿ. ಹೋಗಿಬರುವ ದಾರಿಯ ರೋಧವೇ 2 ಓಮ್ ದಾಟುತ್ತದೆ, ಹರಿಯುವುದು ಹೆಚ್ಚೆಂದರೆ 111 ಆಂಪ್. ಸಿ16 ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಬೀಳುವ 16 ಆಂಪಿನ ಸ್ವಿಚ್) ತಕ್ಷಣ ಬೀಳುತ್ತದೆ ಎಂಬ ಖಾತರಿ ಇರುವುದು 160 ಆಂಪಿಗೆ. ಅದು ಬೀಳಲು ತಡಮಾಡಿದಷ್ಟೂ ಹೊತ್ತು ವೈರ್ ಕಾಯುತ್ತಲೇ ಇರುತ್ತದೆ. ಎಂಸಿಬಿ ಪದೇ ಪದೇ ಬೀಳುತ್ತದೆಂದು ವೈರ್ ಹಾಗೇ ಬಿಟ್ಟು ದೊಡ್ಡ ಎಂಸಿಬಿ ಹಾಕುವುದಂತೂ ಬೆಂಕಿಗೆ ಆಹ್ವಾನ.

ವೋಲ್ಟೇಜ್ ಕಡಿಮೆಯಿದ್ದಲ್ಲಿ ದಪ್ಪದ ಮಹತ್ವ ಎದ್ದು ಕಾಣುತ್ತದೆ. 12 ವೋಲ್ಟಿನ 60 ವ್ಯಾಟ್ ಹೀಟಿಂಗ್ ಪ್ಯಾಡಿಗೆ 10 ಮೀಟರ್ ದೂರ 1 ಎಂಎಂ ಎಳೆದರೆ ವೈರಿನಲ್ಲೇ ಒಂದೂವರೆ ವೋಲ್ಟ್ ಮಾಯ, ಪ್ಯಾಡಿಗೆ ಸಿಗುವುದು 46 ವ್ಯಾಟ್. 4 ಎಂಎಂ ಹಾಕಿದರೆ 56.

ಕೊಳ್ಳುವಾಗ ಹೊದಿಕೆಯ ದಪ್ಪ ನೋಡಿ ಮೋಸಹೋಗಬೇಡಿ. ತುದಿ ಸುಲಿದು ಎಳೆಗಳನ್ನು ಎಣಿಸಿ, ಒಂದೆಳೆಯ ವ್ಯಾಸವನ್ನು ಕ್ಯಾಲಿಪರಿನಲ್ಲಿ ಅಳೆಯಿರಿ. ವ್ಯಾಸದ ವರ್ಗವನ್ನು 0.785ರಿಂದ, ಆಮೇಲೆ ಎಳೆಗಳ ಸಂಖ್ಯೆಯಿಂದ ಗುಣಿಸಿ. 0.3 ಎಂಎಂನ 36 ಎಳೆಗಳಿದ್ದರೆ 2.54, ಸರಿಯಾಗಿದೆ. ಒಂದೆಳೆಯನ್ನು ಬ್ಲೇಡಿನಿಂದ ಕೆರೆದೂ ನೋಡಿ. ಒಳಗೆ ಬೆಳ್ಳಗೆ ಹೊಳೆದರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಮ್, ಅಳತೆ 2.5 ಇದ್ದರೂ ಕೆಲಸಕ್ಕೆ ಸುಮಾರು 1.5ರ ತಾಮ್ರಕ್ಕೇ ಸಮ.