ಪದ ಪರಿಚಯ: ನಿರಂತರ ವೃತ್ತಿಪರ ಅಭಿವೃದ್ಧಿ

ಕೆಲಸಕ್ಕೆ ಸೇರಿದ ಮೇಲೂ ಶಿಕ್ಷಕರು, ಉಪನ್ಯಾಸಕರು, ಉಳಿದ ಸಿಬ್ಬಂದಿ ತಮ್ಮ ಕೆಲಸವನ್ನು ಕಲಿಯುತ್ತಲೇ ಇರುವುದಕ್ಕೆ ನಿರಂತರ ವೃತ್ತಿಪರ ಅಭಿವೃದ್ಧಿ ಎನ್ನುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆ ಇದಕ್ಕೆ ಇರಬೇಕು ಎನ್ನುತ್ತದೆ. ಅದೂ ಅವರವರ ಆಸಕ್ತಿಗೆ ತಕ್ಕಂತೆ. ಈ ಕೊನೆಯ ಮಾತನ್ನು ನಾವು ಜಾಸ್ತಿ ನೆನಪಿಟ್ಟುಕೊಳ್ಳಬೇಕು.

ಹೆಚ್ಚು ಬಳಕೆಯಲ್ಲಿರುವುದು ತರಬೇತಿ. ಮೊದಲು ಸಂಪನ್ಮೂಲ ವ್ಯಕ್ತಿಗಳು, ಅಂದರೆ ತರಬೇತಿ ಕೊಡುವವರು, ಕಲಿಯುತ್ತಾರೆ. ಆಮೇಲೆ ಅವರು ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲೋ ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲೋ ಉಳಿದವರಿಗೆ ಹೇಳಿಕೊಡುತ್ತಾರೆ. ಪಠ್ಯಪುಸ್ತಕ ಬದಲಾದಾಗ ಇದು ಬೇಕೇ ಬೇಕು. ಆದರೆ ಹೊಸನಗರ, ತೀರ್ಥಹಳ್ಳಿ ಕಡೆ ಒಬ್ಬರೋ ಇಬ್ಬರೋ ಶಿಕ್ಷಕರಿರುವ ಶಾಲೆಗಳು ಎಷ್ಟೋ ಇವೆ. ಮೇಷ್ಟ್ರು ತರಬೇತಿಗೆ ಹೊರಟರೆ ಪಾಠ ಮಾಡುವವರು ಯಾರು? ಆನ್‌ಲೈನ್ ಕೋರ್ಸುಗಳೂ ಇವೆ. 2019ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಶಿಕ್ಷಕರ ತರಬೇತಿ ಕಾರ್ಯಕ್ರಮ ನಿಷ್ಠಾ, ಮರುವರ್ಷ ದೀಕ್ಷಾ ಎಂಬ ಆನ್‌ಲೈನ್ ವೇದಿಕೆಗೆ ಬಂತು. ನೆಟ್‌ವರ್ಕ್ ಸಿಗುವ ಕಡೆ ಅನುಕೂಲ.

ತರಬೇತಿಯಲ್ಲಿ ಕೇಳಿದ್ದು ತರಗತಿಗೆ ಇಳಿಯುತ್ತದೆಯೇ ಎನ್ನುವುದೇ ಮುಖ್ಯ ಪ್ರಶ್ನೆ. ಅಮೆರಿಕದ ಶಿಕ್ಷಣ ಸಂಶೋಧಕರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ಸುಮಾರಿಗೇ ಇದನ್ನು ಕೆದಕಿದರು. ಅವರ ಪ್ರಕಾರ ವಿಷಯ ಹೇಳಬೇಕು, ಮಾಡಿ ತೋರಿಸಬೇಕು, ಮಾಡಿಸಬೇಕು, ಮಾಡಿದ್ದು ಹೇಗಿತ್ತು ಅಂತ ತಿಳಿಸಬೇಕು. ಕೊನೆಗೆ ಅವರವರ ತರಗತಿಯಲ್ಲೇ ಜೊತೆಗೆ ನಿಂತು ನೆರವಾಗಬೇಕು. ಈ ಕೊನೆಯದಿಲ್ಲದಿದ್ದರೆ ಉಳಿದದ್ದು ಬಹುಪಾಲು ತರಬೇತಿಯಲ್ಲೇ ನಿಂತುಬಿಡುತ್ತದೆ.

ಜಪಾನಿನ ಶಿಕ್ಷಕರದ್ದು ನೂರು ವರ್ಷಕ್ಕೂ ಹಳೆಯ ದಾರಿ. ಕೆಲವರು ಸೇರಿ ಒಂದು ಪಾಠ ಸಿದ್ಧಮಾಡುತ್ತಾರೆ. ಒಬ್ಬರು ಪಾಠ ಮಾಡುತ್ತಾರೆ, ಉಳಿದವರು ಮಕ್ಕಳನ್ನು ನೋಡುತ್ತಾರೆ. ಗಮನಿಸಿ, ಮೇಷ್ಟ್ರನ್ನಲ್ಲ, ಮಕ್ಕಳನ್ನು. 52ರಲ್ಲಿ 27 ಕಳೆಯಲು ಕೊಟ್ಟಾಗ ಒಂದು ಮಗು 35 ಅಂತ ಬರೆಯುತ್ತದೆ ಅನ್ನಿ. ಬೋರ್ಡಿನ ಹತ್ತಿರ ನಿಂತವರಿಗೆ ಅದು ಬರೀ ತಪ್ಪು ಉತ್ತರ. ಪಕ್ಕದಲ್ಲಿ ಕೂತು ಸ್ಲೇಟು ನೋಡಿದವರಿಗೆ ಕಾರಣವೇ ಕಾಣುತ್ತದೆ: 2ರಲ್ಲಿ 7 ಹೋಗುವುದಿಲ್ಲ ಅಂತ ಮಗು 7ರಲ್ಲೇ 2 ಕಳೆದಿದೆ. ದಶಕ ಬಿಡಿಸುವುದು ಅದಕ್ಕೆ ಇನ್ನೂ ತಿಳಿದಿಲ್ಲ. ಆಮೇಲೆ ಎಲ್ಲರೂ ಕೂತು ಮಾತಾಡುತ್ತಾರೆ. ಹತ್ತು ಕಡ್ಡಿಯ ಕಟ್ಟು ಬಿಚ್ಚಿಸಿ ಪಾಠ ಶುರುಮಾಡೋಣವಾ, ಅಂತ. ಪಾಠ ತಿದ್ದಿಕೊಂಡು ಇನ್ನೊಂದು ತರಗತಿಯಲ್ಲಿ ಮತ್ತೆ ಮಾಡುತ್ತಾರೆ.

ಇದಕ್ಕೆ ದೊಡ್ಡ ಸಭಾಂಗಣ ಬೇಡ, ಪ್ರೊಜೆಕ್ಟರೂ ಬೇಡ. ನಮ್ಮಲ್ಲಿ ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆ ಇದ್ದೇ ಇದೆ. ಮಾಹಿತಿ ಕೊಡುವುದು, ತೆಗೆದುಕೊಳ್ಳುವುದರಲ್ಲೇ ಅದು ಮುಗಿದುಹೋದರೆ ನಿಜಕ್ಕೂ ನಷ್ಟ. ಅಕ್ಕಪಕ್ಕದ ಮೂರ್ನಾಲ್ಕು ಶಾಲೆಯವರು ಆವತ್ತು ಒಂದೇ ಒಂದು ಪಾಠವನ್ನು ಹೀಗೆ ನೋಡಬಹುದು, ಅಲ್ವಾ?

ಕಚೇರಿ ಸಿಬ್ಬಂದಿಯ ಕಲಿಕೆಯೂ ಹೀಗೇ. ಹೊಸದಾಗಿ ಬಂದ ಎಸ್‌ಡಿಎಗೆ (ದ್ವಿತೀಯ ದರ್ಜೆ ಸಹಾಯಕರಿಗೆ) ಸಂಬಳದ ಬಿಲ್ಲಿನ ಬಗ್ಗೆ ದಿನವಿಡೀ ಉಪನ್ಯಾಸ ಕೊಡುವುದಕ್ಕಿಂತ, ಬಿಲ್ಲು ಮಾಡುವ ದಿನ ಅನುಭವಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕರ) ಪಕ್ಕ ಕೂರಿಸಿ. ಮುಂದಿನ ತಿಂಗಳು ಬಿಲ್ಲನ್ನು ಹೊಸಬರೇ ಮಾಡಲಿ, ಹಳಬರು ಪಕ್ಕದಲ್ಲಿರಲಿ.