ನ್ಯಾಷನಲ್ ಫಾರೆಸ್ಟ್: ಹೆಸರು ಕಾಡಿನದು, ಇಲಾಖೆ ಕೃಷಿಯದು

ಅಮೆರಿಕದಲ್ಲಿರುವ ಮಗಳು ‘ನ್ಯಾಷನಲ್ ಫಾರೆಸ್ಟ್‌ಗೆ ಹೋಗಿದ್ವಿ’ ಎಂದು ಫೋಟೊ ಕಳಿಸಿದರೆ ನಮಗೆ ನೆನಪಾಗುವುದು ಬಂಡೀಪುರ, ನಾಗರಹೊಳೆ. ಅವು ರಾಷ್ಟ್ರೀಯ ಉದ್ಯಾನಗಳು, ಅಂದರೆ ನ್ಯಾಷನಲ್ ಪಾರ್ಕ್. ಫಾರೆಸ್ಟ್‌ನ ಜಾತಕವೇ ಬೇರೆ.

ಅಮೆರಿಕದಲ್ಲಿ ನ್ಯಾಷನಲ್ ಪಾರ್ಕ್‌ಗಳನ್ನು ನೋಡಿಕೊಳ್ಳುವುದು ಇಂಟೀರಿಯರ್ ಇಲಾಖೆ, ಅಂದರೆ ಸರ್ಕಾರಿ ನೆಲ, ನೈಸರ್ಗಿಕ ಸಂಪತ್ತಿನ ಇಲಾಖೆ. ನ್ಯಾಷನಲ್ ಫಾರೆಸ್ಟ್‌ಗಳು ಕೃಷಿ ಇಲಾಖೆಯ ಅಡಿಯಲ್ಲಿರುವ ಫಾರೆಸ್ಟ್ ಸರ್ವಿಸ್‌ಗೆ ಸೇರಿದವು. ಕಾಡನ್ನೂ ಒಂದು ಬೆಳೆಯಂತೆ ಕಂಡ ಕಾಲದ ಗುರುತು ಅದು. ಪಾರ್ಕ್ ಇರುವುದು ಇದ್ದ ಹಾಗೆ ಉಳಿಸಲು, ಫಾರೆಸ್ಟ್ ಇರುವುದು ಬಳಸುತ್ತಲೇ ಉಳಿಸಲು. ಹಾಗಾಗಿ ಇಲ್ಲಿ ಅನುಮತಿ ಪಡೆದು ಮರ ಕಡಿಯಬಹುದು, ದನ ಮೇಯಿಸಬಹುದು, ಲೈಸೆನ್ಸ್ ಇದ್ದರೆ ಬೇಟೆಯನ್ನೂ ಆಡಬಹುದು. ಮರ, ಮೇವು, ನೀರು, ವನ್ಯಜೀವಿಗಳ ಜತೆಗೆ ಜನರ ವಿಹಾರವೂ ಈ ಕಾಡುಗಳ ಉದ್ದೇಶ ಎಂದು 1960ರ ಕಾಯ್ದೆಯೇ ಹೇಳುತ್ತದೆ.

1891ರ ಕಾನೂನಿನಡಿ ಇವು ಶುರುವಾದಾಗ ಹೆಸರು ‘ಫಾರೆಸ್ಟ್ ರಿಸರ್ವ್’ ಎಂದಿತ್ತು. ನಮ್ಮ ‘ಮೀಸಲು ಅರಣ್ಯ’ಕ್ಕೆ ತೀರಾ ಹತ್ತಿರ. 1907ರಲ್ಲಿ ‘ನ್ಯಾಷನಲ್ ಫಾರೆಸ್ಟ್’ ಆಯಿತು. ಹಳೆಯ ಹೆಸರೇ ಉಳಿದಿದ್ದರೆ ನಮಗೆ ಈ ಗೊಂದಲವೇ ಇರುತ್ತಿರಲಿಲ್ಲ.

ಪಶ್ಚಿಮದಲ್ಲಿ ಸರ್ಕಾರಿ ಭೂಮಿ ಧಾರಾಳವಾಗಿತ್ತು, ಮೀಸಲಿಟ್ಟರೆ ಸಾಕಿತ್ತು. ಪೂರ್ವದಲ್ಲಿ ಕಾಡೆಲ್ಲ ಖಾಸಗಿಯವರ ಕೈಯಲ್ಲಿದ್ದುದರಿಂದ ದುಡ್ಡು ಕೊಟ್ಟೇ ಕೊಳ್ಳಬೇಕಾಯಿತು. ಅದಕ್ಕೆ ದಾರಿ ಮಾಡಿದ್ದು 1911ರ ವೀಕ್ಸ್ ಕಾಯ್ದೆ. ನಾರ್ತ್ ಕೆರೊಲಿನಾದ ಪಿಸ್ಗಾ ಕಾಡು ಹೀಗೆ ಹುಟ್ಟಿದ್ದು. ಅದರ ಮೂಲಭಾಗ ಸಿರಿವಂತ ಜಾರ್ಜ್ ವಾಂಡರ್‌ಬಿಲ್ಟ್‌ನ ಎಸ್ಟೇಟ್. 1914ರಲ್ಲಿ ಆತ ತೀರಿಕೊಂಡ ಮೇಲೆ ಹೆಂಡತಿ ಈಡಿತ್ ಸುಮಾರು 87,000 ಎಕರೆಯನ್ನು ಸರ್ಕಾರಕ್ಕೆ ಮಾರಿದಳು, ಎಕರೆಗೆ 5 ಡಾಲರ್‌ನಂತೆ. 1916ರಲ್ಲಿ ಅದು ನ್ಯಾಷನಲ್ ಫಾರೆಸ್ಟ್ ಆಯಿತು.

ಈ ಕಾಡಿಗೂ ಭಾರತಕ್ಕೂ ಒಂದು ನಂಟಿದೆ. ವಾಂಡರ್‌ಬಿಲ್ಟ್ ಮೊದಲು ನೇಮಿಸಿಕೊಂಡ ಅರಣ್ಯತಜ್ಞ ಗಿಫರ್ಡ್ ಪಿಂಚೊ. ಮುಂದೆ ಫಾರೆಸ್ಟ್ ಸರ್ವಿಸ್‌ನ ಮೊದಲ ಮುಖ್ಯಸ್ಥನಾದವನು ಇವನೇ. ಅವನ ನಂತರ ಬಂದವನು ಜರ್ಮನಿಯ ಕಾರ್ಲ್ ಶೆಂಕ್. ಇಬ್ಬರಿಗೂ ಮಾರ್ಗದರ್ಶಿಯಾಗಿದ್ದವನು ಡೀಟ್ರಿಚ್ ಬ್ರಾಂಡಿಸ್, ಬ್ರಿಟಿಷ್ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕ. ಬರ್ಮಾದ ತೇಗದ ಕಾಡುಗಳಲ್ಲಿ ಪಳಗಿದ ಅವನ ವಿದ್ಯೆ ಹೀಗೆ ಅಟ್ಲಾಂಟಿಕ್ ದಾಟಿತು. ಶೆಂಕ್ 1898ರಲ್ಲಿ ಇಲ್ಲೇ ಅರಣ್ಯಶಾಸ್ತ್ರದ ಶಾಲೆಯೊಂದನ್ನು ತೆರೆದ. ಆ ಜಾಗ ಈಗ ‘ಕ್ರೇಡಲ್ ಆಫ್ ಫಾರೆಸ್ಟ್ರಿ’ ಎಂಬ ವಸ್ತುಸಂಗ್ರಹಾಲಯ. ‘ಅರಣ್ಯಶಾಸ್ತ್ರದ ತೊಟ್ಟಿಲು’ ಎಂದರೆ ನಮ್ಮ ಕಿವಿಗೂ ಹಿತ.

ಇಷ್ಟೆಲ್ಲ ಚರಿತ್ರೆ ಕೇಳಿಕೊಂಡು ಅಲ್ಲಿಗೆ ಹೋಗುವವರು ಕಡಿಮೆ ಅನ್ನಿ. ರಸ್ತೆಯ ಮಗ್ಗುಲಲ್ಲೇ ಧುಮುಕುವ ಲುಕಿಂಗ್ ಗ್ಲಾಸ್ ಜಲಪಾತ, ಸುಮಾರು 30 ಮೈಲಿಯ ಆರ್ಟ್ ಲೋಬ್ ಚಾರಣದ ಹಾದಿ, ಡೇವಿಡ್‌ಸನ್ ಹೊಳೆಯಲ್ಲಿ ಟ್ರೌಟ್ ಮೀನಿಗೆ ಗಾಳ, ಟೆಂಟ್ ಹಾಕಿ ರಾತ್ರಿ ಕಳೆಯುವುದು, ಇವುಗಳಿಗೆಂದೇ ಜನ ಬರುತ್ತಾರೆ. ಮಕ್ಕಳನ್ನು ಕರೆದೊಯ್ದವರಿಗಂತೂ ‘ಸ್ಲೈಡಿಂಗ್ ರಾಕ್’ ತಪ್ಪಿದ್ದಲ್ಲ. ಇದಕ್ಕೆ ಅನುವಾದವೇ ಬೇಡ, ಜಾರುಬಂಡೆ! ಮಕ್ಕಳ ಪಾರ್ಕಿನಲ್ಲಿ ಸಿಮೆಂಟಿನಿಂದ ಕಟ್ಟಿದ್ದಲ್ಲ, ನೀರೇ ನಯ ಮಾಡಿದ 60 ಅಡಿಯ ನಿಜವಾದ ಬಂಡೆ. ಜಾರಿ ಬಿದ್ದರೆ ಕೆಳಗೊಂದು ಮಡು. ಬೇಸಿಗೆಯಲ್ಲೂ ನೀರು ಹಲ್ಲು ಕಟಕಟಿಸುವಷ್ಟು ತಣ್ಣಗೆ. ಹೋಗುವುದಾದರೆ ಹಳೆಯ ಜೀನ್ಸ್ ಚಡ್ಡಿ ಹಾಕಿಕೊಳ್ಳಿ. ತೆಳ್ಳನೆಯ ಬಟ್ಟೆ ಆ ಬಂಡೆಗೆ ತಾಳುವುದಿಲ್ಲ.